ಗೋಡೆ ನುಂಗಿದ ಸ್ವಿಚ್ಚು

ಮಗಳ ಮಂಗ್ನಿಗೆ ಹುಡುಗನ ಕಡೆಯವರು ಬರುವ ದಿನ ಗೊತ್ತಾದ ಕೂಡಲೇ ಹಜಾರಕ್ಕೂ ಅಮ್ಮಿಯ ಕೋಣೆಗೂ ಪಿಸ್ತಾ ಬಣ್ಣ ಹೊಡೆಸಿದೆವು. ಹಳೆಯ ಗಾಢ ನೀಲಿ ಹೋಗಿ ಗೋಡೆಗಳೇನೋ ಹೊಸದಾದವು. ಆದರೆ ಅವುಗಳ ನಡುವೆ ಸ್ವಿಚ್ ಬೋರ್ಡುಗಳು ಬೀಡಿ ಸೇದುವವನ ಹಲ್ಲಿನಂತೆ ಕಾಣತೊಡಗಿದವು. ಒಂದು ಕಾಲಕ್ಕೆ ಹಾಲಿನಂತಿದ್ದ ಪ್ಲಾಸ್ಟಿಕ್ಕು ಕಿಟಕಿಯ ಬಿಸಿಲಿಗೆ ಹಳದಿಗಟ್ಟಿತ್ತು. ಹೊಸದು ಹಾಕಿಸಲು ದುಡ್ಡಿರಲಿಲ್ಲ ಎನ್ನುವುದು ಅರ್ಧ ನಿಜ. ಇದ್ದ ದುಡ್ಡನ್ನು ಬಿರಿಯಾನಿಗೆ ಎತ್ತಿಟ್ಟಿದ್ದೆವು ಎನ್ನುವುದು ಪೂರ್ತಿ ನಿಜ.

ಇವಕ್ಕೂ ಪಿಸ್ತಾ ಬಣ್ಣ ನಾನೇ ಹಚ್ಚುತ್ತೇನೆ ಎಂದೆ. ನನ್ನವರು ನಕ್ಕರು. ಹಾರ್ಡ್‌ವೇರ್ ಅಂಗಡಿಯ ಹಿರಿಯರು ಮಾತ್ರ ನಗಲಿಲ್ಲ. "ಪ್ಲಾಸ್ಟಿಕ್ ಮೇಲೆ ಪೇಂಟ್ ತಾನಾಗಿ ಕೂರಲ್ಲಮ್ಮ, ಕೂರಿಸ್ಬೇಕು" ಎಂದು ಹೇಳಿಕೊಟ್ಟರು. ಮೊದಲು ಮೇನ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಮುಂದಿನ ಪ್ಲೇಟನ್ನು ಹೊರಗೆ ತೆಗೆಯಬೇಕು. ವರ್ಷಗಟ್ಟಲೆಯ ಕೈಜಿಡ್ಡು ಹೋಗುವಂತೆ ಸೋಪಿನಿಂದ ತೊಳೆಯಬೇಕು. 400ರ ವಾಟರ್ ಪೇಪರಿನಿಂದ ಹೊಳಪು ಸಾಯುವಷ್ಟು ಉಜ್ಜಿ, ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ಸ್ಪ್ರೇ ಬಣ್ಣವನ್ನು ತೆಳ್ಳಗೆ ಎರಡು ಮೂರು ಸಲ ಕೊಡಬೇಕು. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಕಣ್ಣೀರಿನಂತೆ ಇಳಿಯುತ್ತದೆ. ಪ್ಲಗ್ಗಿನ ತೂತಿಗೆ, ಸ್ವಿಚ್ಚಿನ ಸಂದಿಗೆ ಬಣ್ಣ ಹೋಗಕೂಡದು. ಶಿವಮೊಗ್ಗದ ಜೂನ್ ಮಳೆಯಲ್ಲಿ ಒಣಗಿಸುವುದೇ ದೊಡ್ಡ ಕೆಲಸವಾಯಿತು. ಉಳಿದ ಬಣ್ಣವನ್ನು ಸ್ನಾನದ ಮಗ್ಗಿಗೂ ಹೊಡೆದೆ. ಅದು ಪಾಲಿಪ್ರೊಪಿಲೀನ್, ಮಾಮೂಲಿ ಬಣ್ಣ ಅದನ್ನು ಹಿಡಿಯುವುದಿಲ್ಲವಂತೆ. ಎರಡೇ ದಿನಕ್ಕೆ ಈರುಳ್ಳಿ ಸಿಪ್ಪೆಯಂತೆ ಕಿತ್ತು ಬಂತು.

ಬೋರ್ಡುಗಳು ಮಾತ್ರ ಗೋಡೆಯೊಳಗೆ ಕರಗಿಹೋದವು. ಪ್ಲೇಟಷ್ಟೇ ಅಲ್ಲ, ಸ್ವಿಚ್ಚಿನ ಗುಂಡಿಗಳಿಗೂ ಸಣ್ಣ ಬ್ರಷ್ಷಿನಿಂದ ಅದೇ ಬಣ್ಣ ಹಚ್ಚಿದ್ದೆ. ಬಂದವರಲ್ಲಿ ಹುಡುಗನ ಖಾಲಾ ಒಬ್ಬರು, "ಲೈಟಿನ ಸ್ವಿಚ್ ಎಲ್ಲಿದೆ?" ಎಂದು ಕೇಳಿದಾಗ ನನಗಾದ ಹೆಮ್ಮೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಮ್ಮಿಯ ಎರಡೂ ಕಣ್ಣಿಗೆ ಗ್ಲಾಕೋಮಾ. ನರಕ್ಕಾದ ಹಾನಿ ವಾಪಸು ಬರುವುದಿಲ್ಲ. ಇರುವ ನೋಟವನ್ನು ಹನಿ ಔಷಧಿಯಿಂದ ಉಳಿಸಿಕೊಳ್ಳಬೇಕು. ಒಂದು ಬಣ್ಣದ ಮೇಲೆ ಅದೇ ಛಾಯೆಯ ಇನ್ನೊಂದು ಬಿದ್ದರೆ ಅವರಿಗೆ ಎರಡೂ ಒಂದೇ. ಇದು ನನಗೆ ತಿಳಿಯದ್ದೇನಲ್ಲ. ದಿನಕ್ಕೆರಡು ಬಾರಿ ಆ ಹನಿ ಹಾಕುವವಳು ನಾನೇ. ಸಾಲದ್ದಕ್ಕೆ, ಚೆಂದ ಕಾಣಲಿ ಎಂದು ಅವರ ಮಂಚವನ್ನೂ ಎದುರು ಗೋಡೆಗೆ ಸರಿಸಿದ್ದೆ.

ಮಂಗ್ನಿಯಾಗಿ ನಾಲ್ಕನೆಯ ಬೆಳಗಿನ ಜಾವ ಫಜ್ರ್‌ಗೆ ವಜೂ ಮಾಡಲು ಎದ್ದವರು ಬಾತ್‌ರೂಮಿನ ಹೊಸ್ತಿಲಲ್ಲಿ ಬಿದ್ದರು. ಮಣಿಕಟ್ಟು ಬಿರುಕು ಬಿಟ್ಟಿತ್ತು. ಅದಕ್ಕೂ ಮುಂಚಿನ ದಿನಗಳಲ್ಲಿ ಕತ್ತಲಲ್ಲೇ ಹೋಗಿ ಬಂದಿದ್ದರಂತೆ.

"ಯಾಕೆ ಹೇಳ್ಲಿಲ್ಲ ಅಮ್ಮಿ?"

"ಗೋಡೆ ಸ್ವಿಚ್ಚನ್ನ ನುಂಗಿಬಿಟ್ಟಿದೆ ಬೇಟಿ. ನೀನು ಅಷ್ಟು ಕಷ್ಟಪಟ್ಟು ಬಣ್ಣ ಹಚ್ಚಿದೀಯ, ಏನಂತ ಹೇಳ್ಲಿ?"

ನನ್ನ ತವರಿನಲ್ಲಿ ಸುಣ್ಣದ ಗೋಡೆಯ ಮೇಲೆ ಬೇಕಲೈಟಿನ ಕಪ್ಪು ಗುಂಡು ಸ್ವಿಚ್ಚುಗಳಿದ್ದವು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಆ ಪ್ಲಾಸ್ಟಿಕ್ಕು ಹೆಚ್ಚಾಗಿ ಕಪ್ಪು, ಕಂದು ಬಣ್ಣದಲ್ಲೇ ಬರುತ್ತಿತ್ತು. ಕೋಣೆಗೆ ಹೊಂದುತ್ತದೆಯೇ ಎಂದು ಯಾರೂ ನೋಡುತ್ತಿರಲಿಲ್ಲ. ಹಾಲಿನಲ್ಲಿ ಬಿದ್ದ ನೊಣದಂತೆ ದೂರದಿಂದಲೇ ಕಾಣುತ್ತಿದ್ದವು. ಒತ್ತಿದರೆ ಟಕ್ಕೆಂದು ಉತ್ತರವನ್ನೂ ಕೊಡುತ್ತಿದ್ದವು.

ಅಮ್ಮಿಯ ಕೈ ನೋಡಲು ಬಂದ ಪಕ್ಕದ ಮನೆಯ ಅಕ್ಕ ಸಂಗತಿ ಕೇಳಿದವರೇ ತಮ್ಮ ಪರ್ಸಿನಿಂದ ಸ್ಟಿಕರ್ ಹಾಳೆ ತೆಗೆದು, ದೊಡ್ಡ ಕೆಂಪು ಬಿಂದಿಯೊಂದನ್ನು ಬಾತ್‌ರೂಮಿನ ಸ್ವಿಚ್ಚಿಗೆ ಅಂಟಿಸಿದರು. ಅಮ್ಮಿಗೆ ನಗು ತಡೆಯಲಾಗಲಿಲ್ಲ. "ಈ ವಯಸ್ಸಲ್ಲಿ ನನ್ನ ಕೋಣೆಗೆ ಟಿಕ್ಕಿ ಬಂತು ನೋಡು!"

ಆ ವಾರವೇ ಮತ್ತೆ ಮೇನ್ ಆಫ್ ಮಾಡಿ ಅಮ್ಮಿಯ ಕೋಣೆಯ ಪ್ಲೇಟು ಬಿಚ್ಚಿದೆ. ಪ್ಲೇಟಿಗೆ ಕಡು ಕಂದು ಹೊಡೆದು, ಗುಂಡಿಗಳ ಬಣ್ಣ ಉಜ್ಜಿ ಹಳೆಯ ಹಳದಿಯನ್ನೇ ಹೊರಗೆ ತಂದೆ. ಮಂಚ ಹಳೆಯ ಜಾಗಕ್ಕೆ ಹೋಯಿತು. ಬಿಂದಿಯನ್ನೂ ಕೀಳಲು ಹೋದಾಗ ಅಮ್ಮಿ ತಡೆದರು. ಕಣ್ಣಿಗಿಂತ ಮೊದಲು ಅದು ಬೆರಳಿಗೆ ಸಿಗುತ್ತದಂತೆ. ಅಂಟು ಸಡಿಲವಾಗಿ ಬಿದ್ದಾಗಲೆಲ್ಲ ಅಕ್ಕ ಬಂದು ಹೊಸತೊಂದನ್ನು ಅಂಟಿಸಿ ಹೋಗುತ್ತಾರೆ.