ಮುಟ್ಟಬಾರದ ಮಣ್ಣು

ಶಿರಾದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಜವನಗೊಂಡನಹಳ್ಳಿಯಲ್ಲಿ ಯಾರಾದರೂ ದೂರದ ಯಾತ್ರೆಗೆ ಹೊರಟರೆಂದರೆ, ಅವರು ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ವಾಡಿಕೆ. ಕಾಶಿಗೆ ಹೋದವರು ಗಂಗೆಯನ್ನು ತರುತ್ತಾರೆ. ತಿರುಪತಿಗೆ ಹೋದವರು ಪ್ರಸಾದವನ್ನು ತರುತ್ತಾರೆ. ಅಲ್ಲಿಯ ನಿವೃತ್ತ ಉಪಾಧ್ಯಾಯರೊಬ್ಬರು ಮಾತ್ರ ಹೋದ ಊರಿನ ಹೊಲದಲ್ಲಿ ಬಗ್ಗಿ ಒಂದು ಹಿಡಿ ಮಣ್ಣನ್ನು ತೆಗೆದು, ಬೆರಳುಗಳ ನಡುವೆ ಉಜ್ಜಿ ನೋಡಿ, ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಬರುವರು. ಮೇಷ್ಟರ ಕೆಲಸದಲ್ಲಿ ಆಯುಷ್ಯ ಕಳೆದರೂ ಅವರು ಒಕ್ಕಲು ಮನೆಯಲ್ಲಿ ಹುಟ್ಟಿದವರು.

2023ರಲ್ಲಿ ಅವರು ಟೋಕಿಯೋ ನಗರದಲ್ಲಿ ಉದ್ಯೋಗದಲ್ಲಿರುವ ಮಗಳನ್ನು ನೋಡಲು ಹೊರಟರು. ಫುಕುಶಿಮಾ ಪ್ರಾಂತದ ಫುಟಾಬಾ ಎಂಬ ಊರನ್ನೂ ಕಂಡುಬರೋಣವೆಂದು ಮಗಳು ತಿಳಿಸಿದ್ದಳು. ಈ ಸುದ್ದಿಯಿಂದ ಮನೆಯಲ್ಲಿ ಕಳವಳವುಂಟಾಯಿತು. ಅಲ್ಲಿಯ ಗಾಳಿ ಸೋಕಿದರೆ ಸಾಕು, ಕೆಟ್ಟ ರೋಗ ಬರುವುದೆಂದು ಒಬ್ಬರು ಹೆದರಿಸಿದರು. ಕಣ್ಣಿಗೆ ಕಾಣದುದಕ್ಕೆ ಅಂಜುವುದೇಕೆಂದು ಮತ್ತೊಬ್ಬರು ನಕ್ಕರು. ಅಯೋಡಿನ್ ಮಾತ್ರೆಯನ್ನು ನುಂಗಿ ಹೋದರೆ ಬಾಧೆಯಿಲ್ಲವೆಂದು ಮೂರನೆಯವರು ಬುದ್ಧಿ ಹೇಳಿದರು. ಮೂವರಲ್ಲಿ ಒಬ್ಬರೂ ಅಳತೆಯ ಮಾತನ್ನು ಎತ್ತಲಿಲ್ಲ.

ನಡೆದ ಸಂಗತಿ ಇದು. 2011ನೆಯ ಮಾರ್ಚ್ 11ರಂದು ಸಮುದ್ರದಡಿಯ ಮಹಾಭೂಕಂಪದಿಂದ ಎದ್ದ ಅಲೆಗಳು ಫುಕುಶಿಮಾದ ಅಣುವಿದ್ಯುತ್ ಸ್ಥಾವರಕ್ಕೆ ನುಗ್ಗಿದವು. ತಂಪುಗೊಳಿಸುವ ಯಂತ್ರಗಳಿಗೆ ವಿದ್ಯುತ್ತಿಲ್ಲದೆ ಮೂರು ರಿಯಾಕ್ಟರುಗಳ ಒಡಲು ಕರಗಿತು. ಸುತ್ತಣ 20 ಕಿಲೋಮೀಟರಿನ ಜನರನ್ನು ಎಬ್ಬಿಸಿ ಕಳುಹಿಸಿದರು. ಕೊನೆಗೆ ಮನೆ ಬಿಟ್ಟವರ ಸಂಖ್ಯೆಯು 1,60,000ವನ್ನು ಮೀರಿತು. ಆಗ ಹೊರಬಿದ್ದ ವಿಕಿರಣ ದ್ರವ್ಯಗಳಲ್ಲಿ ಅಯೋಡಿನ್ 131 ಎಂಬುದು ಎಂಟು ದಿನಗಳಿಗೊಮ್ಮೆ ಅರ್ಧವಾಗುತ್ತ ಕೆಲವೇ ತಿಂಗಳುಗಳಲ್ಲಿ ಇಲ್ಲವಾಯಿತು. ಆದುದರಿಂದ ವರ್ಷಗಳ ಮೇಲೆ ಹೋಗುವವನಿಗೆ ಅಯೋಡಿನ್ ಮಾತ್ರೆಯಿಂದ ಯಾವ ಪ್ರಯೋಜನವೂ ಇಲ್ಲ. ಉಳಿದಿರುವುದು ಸೀಸಿಯಂ 137. ಅದು ಅರ್ಧವಾಗಲು ಸುಮಾರು 30 ವರ್ಷ ಬೇಕು. ಅದು ಗಾಳಿಯಲ್ಲಿ ತೇಲಾಡುತ್ತಿಲ್ಲ. ಮೇಲ್ಮಣ್ಣಿನ ಕಣಗಳನ್ನು ಬಿಗಿಯಾಗಿ ಹಿಡಿದು ಕುಳಿತಿದೆ.

ರೈಲಿನಲ್ಲಿ ಮಗಳು ಕೈಯಗಲದ ಒಂದು ಮಾಪಕವನ್ನು ತೋರಿಸಿ ಲೆಕ್ಕವನ್ನು ವಿವರಿಸಿದಳು. ಭೂಮಿಯಿಂದಲೂ ಆಕಾಶದಿಂದಲೂ ಉಣ್ಣುವ ಅನ್ನದಿಂದಲೂ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣವು ಲೋಕದ ಸರಾಸರಿಯಲ್ಲಿ ವರ್ಷಕ್ಕೆ 2,400 ಮೈಕ್ರೋಸೀವರ್ಟು. ವಿಮಾನವು ಎತ್ತರದಲ್ಲಿ ಹಾರುವಾಗ ಗಂಟೆಗೆ ಸುಮಾರು 2ರಿಂದ 5. ಫುಟಾಬಾ ನಿಲ್ದಾಣದಲ್ಲಿ ಇಳಿದು ನೋಡಿದರೆ ಮಾಪಕವು ಗಂಟೆಗೆ ಕಾಲು ಮೈಕ್ರೋಸೀವರ್ಟನ್ನೂ ಮುಟ್ಟಿರಲಿಲ್ಲ. ಬೆಂಗಳೂರಿನಿಂದ ಬಂದ ವಿಮಾನದ ಒಂದು ಗಂಟೆಗೂ ಆ ಊರಿನ ಇಡೀ ಹಗಲಿಗೂ ಹೆಚ್ಚು ಅಂತರವಿಲ್ಲವೆಂದು ಉಪಾಧ್ಯಾಯರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ಆದರೂ ಮಗಳು ನಿಯಮಗಳನ್ನು ಸಡಿಲಿಸಲಿಲ್ಲ. ತೋಳು ತುಂಬ ಅಂಗಿ, ಪಾದ ಮುಚ್ಚುವ ಬೂಟು. ಬೇಲಿ ಹಾಕಿದ ಕಡೆ ಹೋಗಕೂಡದು. ನೆಲದ ಮೇಲೆ ಕೂರಕೂಡದು. ಕಾಡಿನ ಅಣಬೆ ಹಣ್ಣುಗಳನ್ನು ತಿನ್ನಕೂಡದು. ಊಟಕ್ಕೆ ಮೊದಲು ಕೈ ತೊಳೆಯಬೇಕು. ಏನನ್ನೂ ಎತ್ತಿಕೊಂಡು ಬರಕೂಡದು. ಹೊರಗಿನಿಂದ ತಗಲುವ ಕಿರಣವು ಅಲ್ಲಿಂದ ಹೊರಟೊಡನೆ ನಿಂತುಹೋಗುತ್ತದೆ. ಧೂಳಾಗಿ ಒಳಹೊಕ್ಕುದು ಜೊತೆಯಲ್ಲಿಯೇ ಬರುತ್ತದೆ. ಮೂಲದಿಂದ ದೂರವಿರುವುದು, ಕಡಮೆ ಹೊತ್ತು ನಿಲ್ಲುವುದು, ಒಳಕ್ಕೆ ಬಿಡದಿರುವುದು, ಇಷ್ಟೇ ಆ ಶಾಸ್ತ್ರದ ಸಾರ.

ಒಂದು ಮನೆಯ ಹಿತ್ತಲಲ್ಲಿ ಕಾಕಿ ಮರವು ಎಲೆಯುದುರಿಸಿ, ಕೊಯ್ಯುವವರಿಲ್ಲದೆ ಕೆಂಪು ಹಣ್ಣುಗಳನ್ನು ಹೊತ್ತು ನಿಂತಿದ್ದಿತು. ಅದರಾಚೆ ಒಂದು ಪಾಳುಗದ್ದೆ. ಉಪಾಧ್ಯಾಯರು ಅಭ್ಯಾಸಬಲದಿಂದ ಬಗ್ಗಿ ಕೈ ಚಾಚಿದರು. ಮಗಳು ಅವರ ಮಣಿಕಟ್ಟನ್ನು ಹಿಡಿದುಕೊಂಡಳು. ಮಾತು ಹೊರಡಲಿಲ್ಲ. ಅಮೇಲೆ ಅವಳು ಹೇಳಿದಳು: ಆ ಪ್ರಾಂತದ ಗದ್ದೆ ಹಿತ್ತಲುಗಳ ಮೇಲ್ಮಣ್ಣನ್ನು ಸುಮಾರು 5 ಸೆಂಟಿಮೀಟರು ಆಳಕ್ಕೆ ಹೆರೆದು ಚೀಲಗಳಲ್ಲಿ ತುಂಬಿದರು, ಹಾಗೆ ಕೂಡಿಟ್ಟುದು ಸುಮಾರು 1 ಕೋಟಿ 40 ಲಕ್ಷ ಘನಮೀಟರು, 2045ರೊಳಗೆ ಅದನ್ನು ಪ್ರಾಂತದಿಂದ ಹೊರಗೆ ವಿಲೇವಾರಿ ಮಾಡುವುದಾಗಿ ಸರಕಾರವು ಮಾತು ಕೊಟ್ಟಿದೆ. ತಲೆಮಾರುಗಳಿಂದ ಗೊಬ್ಬರ ಹಾಕಿ ಕಾಪಾಡಿದ ಮಣ್ಣು ಅದು. ಹೊಲದ ಜೀವವೆಲ್ಲ ಆ ನಾಲ್ಕು ಬೆರಳಿನಲ್ಲಿದೆಯೆಂಬುದನ್ನು ಮಳೆಯಿಲ್ಲದ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂದಿನ ಮತ್ತೊಂದು ಲೆಕ್ಕವು ಅವರ ಮನಸ್ಸನ್ನು ಹೆಚ್ಚು ಕಲಕಿತು. ಮನೆ ಬಿಟ್ಟುಹೋಗುವ ಬವಣೆಯಿಂದ, ಔಷಧೋಪಚಾರ ತಪ್ಪಿ, ಮನಸ್ಸು ಕುಗ್ಗಿ ಮಡಿದವರು ಆ ಪ್ರಾಂತದಲ್ಲಿ 2,300ಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ವೃದ್ಧರು. ಊರನ್ನು ತೆರವು ಮಾಡಿಸಿದುದು ತಪ್ಪೆಂದು ಇದರ ಅರ್ಥವಲ್ಲ. ಆದರೆ ಭಯವೂ ಒಂದು ದ್ರವ್ಯ, ಅದಕ್ಕೂ ಪ್ರಮಾಣವುಂಟು.

ಅಳತೆಯ ಪಾಠವು ಕನ್ನಡನಾಡಿಗೆ ಹೊಸದಲ್ಲ. 2009ರ ನವೆಂಬರಿನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿನ ತೊಟ್ಟಿಯೊಂದರಲ್ಲಿ ಟ್ರಿಟಿಯಮ್ ಬೆರೆತು ಸುಮಾರು 55 ಮಂದಿ ಕೆಲಸಗಾರರ ದೇಹವನ್ನು ಸೇರಿದಾಗ, ಅದನ್ನು ಹೊರಗೆಡಹಿದುದು ವಾಡಿಕೆಯ ಮೂತ್ರಪರೀಕ್ಷೆ. ಚಿತ್ರದುರ್ಗದ ಸೀಮೆಯ ಕೊಳವೆಬಾವಿಗಳಲ್ಲಿರುವ ಫ್ಲೋರೈಡು ಸಹ ಹಾಗೆಯೇ: ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಪರೀಕ್ಷೆಗೆ ಕಳುಹಿಸದ ಮನೆಯವರಿಗೆ ಮಕ್ಕಳ ಹಲ್ಲು ಕಂದಿದ ಮೇಲೆ ತಿಳಿಯುತ್ತದೆ.

ಉಪಾಧ್ಯಾಯರು ಊರಿಗೆ ಮರಳಿದ ದಿನ ನೆರೆಯವರು ಬಂದು ಕೂಡಿದರು. ಈ ಸಲದ ಮಣ್ಣೆಲ್ಲಿ ಎಂದು ಒಬ್ಬರು ಕೇಳಿದರು. ಅವರು ಟಿಪ್ಪಣಿ ಪುಸ್ತಕವನ್ನು ಬಿಚ್ಚಿ ಆ ಅಂಕೆಗಳನ್ನು ಓದಿ ಹೇಳಿದರು. ಹಾಗಾದರೆ ಅಂಜಬೇಕೋ ಬೇಡವೋ ಎಂಬ ಪ್ರಶ್ನೆಗೆ, ಮಣ್ಣನ್ನು ಮುಟ್ಟದೆ ಬಂದೆನೆಂದಷ್ಟೇ ಉತ್ತರ ಕೊಟ್ಟರು.

ಅವರ ಬೂಟುಗಳು ಫುಟಾಬಾದಲ್ಲಿಯೇ ಶುದ್ಧವಾಗಿದ್ದವು. ಆದರೂ ಮನೆಯಾಕೆ ಹೊಸ್ತಿಲಲ್ಲಿ ತಡೆದು ಕಾಲಿಗೆ ನೀರು ಕೊಟ್ಟಳು. ಅವರು ಮರುಮಾತಾಡದೆ ಕಾಲು ತೊಳೆದುಕೊಂಡು ಒಳಗೆ ಹೋದರು. ಮರುದಿನ ಬೆಳಗಾಗುವ ಮುನ್ನ ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಳಿತು, ಒಂದು ಹಿಡಿ ಮಣ್ಣನ್ನು ತೆಗೆದುಕೊಂಡು ಬಹಳ ಹೊತ್ತು ಕೈಯಲ್ಲಿಯೇ ಇಟ್ಟುಕೊಂಡಿದ್ದರು.