ಏಳು ಕಿಲೋದ ಸಂಸಾರ

ಮೇಲುಕೋಟೆಯವರು ಪರವೂರಿಗೆ ಹೊರಟರೆ ಪುಳಿಯೋಗರೆ ಗೊಜ್ಜಿಲ್ಲದೆ ಹೊರಡುವುದುಂಟೇ? ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ನನಗೂ ಅದೇ ಮೊದಲ ಚಿಂತೆ. ಗೊಜ್ಜು, ತುಪ್ಪ, ಬಾಣಂತಿಗೆ ಅಂಟಿನುಂಡೆ ಎಲ್ಲವೂ ಕಣ್ಣೆದುರಿಗೇ ಕೈಚೀಲದಲ್ಲಿರಲಿ ಎಂಬ ಆಸೆ. ಆದರೆ ಕೈಚೀಲಕ್ಕೆ ವಿಮಾನದವರು ಕೊಡುವುದು ಸಾಮಾನ್ಯವಾಗಿ 7 ಕಿಲೋ. ಅಂಗಡಿಯ ತಕ್ಕಡಿಯಲ್ಲಿಟ್ಟರೆ ನನ್ನ ಚಕ್ರದ ಪೆಟ್ಟಿಗೆ ಖಾಲಿಯೇ ಎರಡೂವರೆ ಕಿಲೋ! ಅದನ್ನು ಅಟ್ಟಕ್ಕೆ ಹಾಕಿ, ಉತ್ತರಪತ್ರಿಕೆ ಹೊತ್ತು ಪಳಗಿದ ಬಟ್ಟೆಯ ಹೆಗಲುಚೀಲವನ್ನೇ ತೆಗೆದುಕೊಂಡೆ.

ಗೊಜ್ಜು ನಮಗೆ ತಿನಿಸು, ತಪಾಸಣೆಯವರ ಲೆಕ್ಕದಲ್ಲಿ ದ್ರವ. 2006ರ ಆಗಸ್ಟಿನಲ್ಲಿ, ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಸಿಡಿಸುವ ಸಂಚು ಬಯಲಾದ ಮೇಲೆ ಬಂದ ಕಟ್ಟುಪಾಡು ಇದು. ಪರದೇಶದ ಪಯಣದಲ್ಲಿ ಬಹುಪಾಲು ಕಡೆ ಒಂದೊಂದು ಬಾಟಲಿಯೂ 100 ಮಿಲಿಲೀಟರು ಮೀರಬಾರದು. ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ದೊಡ್ಡ ಬಾಟಲಿಯ ತಳದಲ್ಲಿ ನಾಲ್ಕೇ ಚಮಚ ಎಣ್ಣೆ ಇದ್ದರೂ ಸಲ್ಲದು, ಅವರು ನೋಡುವುದು ಬಾಟಲಿಯ ಅಳತೆಯನ್ನು. ಇಡೀ ಒಣಕೊಬ್ಬರಿಯಂತೂ ದೊಡ್ಡ ಪೆಟ್ಟಿಗೆಯಲ್ಲೂ ಬೇಡ. ಎಣ್ಣೆಯ ಅಂಶವಿರುವುದರಿಂದ ತಾನಾಗಿ ಕಾದು ಹೊತ್ತಿಕೊಂಡೀತೆಂಬ ಭಯ.

ಮಗಳಿಗೆ ಫೋನಿನಲ್ಲಿ ಇದನ್ನೇ ಹೇಳಿ ಪೇಚಾಡಿದೆ. ಅವಳು, "ಅಮ್ಮಾ, ಗೊಜ್ಜು ಬರದಿದ್ದರೆ ಇಲ್ಲೇ ಕುದಿಸಿಕೊಡು. ನಿನ್ನ ಮಾತ್ರೆ ಬರದಿದ್ದರೆ ನಾನೇನು ಮಾಡಲಿ?" ಎಂದಳು.

ನಾನು ಸುಮ್ಮನಾದೆ. ಮೂವತ್ತು ವರ್ಷ ಗಂಡನ ಶರಟು, ಮಕ್ಕಳ ಸ್ವೆಟರು, ದಾರಿಗೆ ಚಪಾತಿ ಎಂದು ಕಟ್ಟಿದ ಗಂಟುಗಳಲ್ಲಿ ನನ್ನದೆಂದು ಇದ್ದದ್ದು ಒಂದು ಬಾಚಣಿಗೆ, ಮೂಲೆಯಲ್ಲಿ ತುರುಕಿದ ಒಂದು ಸೀರೆ. ನೀವೂ ಹೀಗೇ ಅಲ್ಲವೇ?

ನಮ್ಮೂರಿನ ವೈರಮುಡಿಯನ್ನೇ ನೋಡಿ. ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿದ್ದು, ಉತ್ಸವಕ್ಕೆ ಪೊಲೀಸು ಕಾವಲಿನಲ್ಲಿ ಬರುತ್ತದೆ. ಯಾರೂ ಅದನ್ನು ಸಾಮಾನಿನ ಲಾರಿಗೆ ಹಾಕಿ ಕಳಿಸುವುದಿಲ್ಲ. ಕಳೆದರೆ ಮತ್ತೆ ಸಿಗದ್ದು ಮೈಗೆ ಹತ್ತಿರವಿರಬೇಕು. ಪಾಸ್‌ಪೋರ್ಟು, ಕನ್ನಡಕ, ಕೊರಳ ಸರ, ಇಡೀ ವಾಸಕ್ಕೆ ಸಾಲುವಷ್ಟು ರಕ್ತದೊತ್ತಡದ ಮಾತ್ರೆ (ಅಂಗಡಿಯ ಹಾಳೆಯಲ್ಲೇ, ಡಾಕ್ಟರ ಚೀಟಿಯ ಸಮೇತ), ಇವೇ ಮೊದಲು ಚೀಲಕ್ಕೆ ಹೋದವು. ಫೋನಿನ ಪವರ್‌ಬ್ಯಾಂಕಿಗೂ ಅಲ್ಲೇ ಜಾಗ; ದೊಡ್ಡ ಪೆಟ್ಟಿಗೆಯಲ್ಲಿ ಅದನ್ನು ಬಿಡುವುದಿಲ್ಲ. ಆಮೇಲೆ ಒಂದು ವಾಯಿಲ್ ಸೀರೆ, ರವಿಕೆ, ಒಳಬಟ್ಟೆ. ಮಡಿಸುವ ಬದಲು ಸುರುಳಿ ಸುತ್ತಿದರೆ ಒಂದಿಷ್ಟು ಜಾಗ ಉಳಿಯುತ್ತದೆ. ಸ್ವೆಟರು, ಶಾಲು ಮೈಮೇಲೆ; ಮೈಮೇಲಿನದನ್ನು ಯಾರೂ ತೂಗುವುದಿಲ್ಲ, ವಿಮಾನದೊಳಗೆ ಚಳಿಯೂ ಇರುತ್ತದೆ.

ಗೊಜ್ಜಿನ ಡಬ್ಬಿ ಮೂರು ಸುತ್ತು ಪ್ಲಾಸ್ಟಿಕ್ಕಿನೊಳಗೆ ದೊಡ್ಡ ಪೆಟ್ಟಿಗೆ ಸೇರಿತು. ಕೈಚೀಲ ಆರು ಕಿಲೋ ಮುನ್ನೂರು ಗ್ರಾಂ ತೂಗಿತು. ಅಷ್ಟರಲ್ಲಿ ಎದುರುಮನೆಯಾಕೆ ಬಂದು, "ಮೇಡಂ, ನಮ್ಮ ಹುಡುಗನಿಗೆ ಒಂದು ಕಿಲೋ ಚಕ್ಕುಲಿ, ಅಷ್ಟೇ" ಎಂದರು. ಮಗನನ್ನು ನೋಡಿ ಮೂರು ವರ್ಷವಾದ ತಾಯಿ, ಇಲ್ಲವೆನ್ನಲಾಗಲಿಲ್ಲ. ತಕ್ಕಡಿ ತಂದು ಅವರ ಕೈಗೇ ಕೊಟ್ಟೆ. ಇಬ್ಬರೂ ಕೂತು ಏಳುನೂರು ಗ್ರಾಮಿಗೆ ಎಷ್ಟು ಚಕ್ಕುಲಿ ಎಂದು ಎಣಿಸಿದೆವು. ಮಾತ್ರೆಯ ಪೊಟ್ಟಣವನ್ನು ಮಾತ್ರ ಆಚೆ ತೆಗೆಯಲಿಲ್ಲ.