ನೆತ್ತಿಗೆ ಹರಳೆಣ್ಣೆ, ಅಂಗಾಲಿಗೆ ಸಗಣಿ

ಶಿವರಾತ್ರಿ ಕಳೆಯಿತೆಂದರೆ ಬೇಗೂರಿನ ನಮ್ಮ ಮನೆಯಲ್ಲಿ ಅಜ್ಜಿ ಹರಳೆಣ್ಣೆಯ ಗಿಂಡಿ ಈಚೆಗೆ ತೆಗೆಯುತ್ತಿದ್ದಳು. ಹರಳು ಹುರಿದು, ಕುಟ್ಟಿ, ಕುದಿಸಿ ಮನೆಯಲ್ಲೇ ತೆಗೆದ ಎಣ್ಣೆ. ಮಂದ, ಕಮಟು ವಾಸನೆ. ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ನೆತ್ತಿಗೆ ತಟ್ಟಿದರೆ ಕತ್ತಿನವರೆಗೂ ಇಳಿಯುತ್ತಿತ್ತು. ನಾನಾಗ ರಾಜ್‌ಕುಮಾರ್ ಹಾಗೆ ಕ್ರಾಪು ಬಾಚುವ ಹುಚ್ಚಿನಲ್ಲಿದ್ದೆ. ಎಣ್ಣೆ ಅದಕ್ಕೆ ಅನುಕೂಲವೇ ಆಯಿತು: ಒಮ್ಮೆ ಬಾಚಿದರೆ ಸಂಜೆವರೆಗೂ ಒಂದು ಕೂದಲೂ ಅಲ್ಲಾಡುತ್ತಿರಲಿಲ್ಲ.

ನಮ್ಮೂರ ಮೇಲೆ ಹಾದುಹೋಗುವುದು ಮೈಸೂರು–ಊಟಿ ರಸ್ತೆ. ಚಪ್ಪಲಿ ಮೆಟ್ಟುತ್ತಿದ್ದವರು ಮೇಷ್ಟರ ಮಕ್ಕಳು ಮಾತ್ರ. ಮಧ್ಯಾಹ್ನ ಡಾಂಬರು ಕರಗಿ ಅಂಗಾಲಿಗೆ ಮೆತ್ತಿದರೆ ಸೀಮೆಎಣ್ಣೆ ಹಾಕಿ ಉಜ್ಜಬೇಕಿತ್ತು. ಒಂದು ಮರದ ನೆರಳಿನಿಂದ ಇನ್ನೊಂದಕ್ಕೆ ಓಡುವಾಗ ಕಾಲು ತಡೆಯದಿದ್ದರೆ ಹಸಿ ಸಗಣಿ ಹುಡುಕಿ ಎರಡೂ ಪಾದ ಊರಿ ನಿಲ್ಲುತ್ತಿದ್ದೆವು. ಅದಕ್ಕೂ ಸರದಿ, ಜಗಳ. ಈಗ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 766. ಹುಡುಗರು ಬೂಟು ಹಾಕಿಕೊಂಡು ಸ್ಕೂಲ್ ಬಸ್ಸು ಹತ್ತುತ್ತಾರೆ. ಹತ್ತಲಿ.

ಹೊಲಕ್ಕೆ ಹೊರಟರೆ ಅವ್ವನ ಕೈಯಲ್ಲಿ ಸೋರೆಬುರುಡೆ ತುಂಬ ನೀರು, ಕುಡಿಕೆಯಲ್ಲಿ ಉಪ್ಪು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಕೈಗೂಸಿಗೆ ಹೊಂಗೆಕೊಂಬೆಯಲ್ಲಿ ಹಳೇ ಸೀರೆಯ ಜೋಲಿ. ಮನೆಯ ಹರವಿಯಲ್ಲಿ ಲಾವಂಚದ ಬೇರು ಹಾಕಿದ ನೀರು. ನಮಗೆ ಅದಾವುದೂ ರುಚಿಸದು. ಸೈಕಲ್ಲಿಗೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬರುವ ಐಸ್‌ಕ್ಯಾಂಡಿಯವನೇ ಬೇಕು. ಕೆಂಪಿನದು 5 ಪೈಸೆ, ಹಾಲಿನದು 10. ಹೊಂಗೆಬೀಜ ಆಯ್ದು ಅಂಗಡಿಗೆ ಹಾಕಿ ಕಾಸು ಹುಟ್ಟಿಸುತ್ತಿದ್ದೆವು. ಒಮ್ಮೆ ತಂಗಿಗೆಂದು ಒಂದನ್ನು ಜೇಬಿನಲ್ಲಿಟ್ಟುಕೊಂಡು ಓಡಿದೆ. ಅವಳಿಗೆ ಸಿಕ್ಕಿದ್ದು ಕಡ್ಡಿ. ನನಗೆ ಕೆಂಪು ಜೇಬು, ಅದರ ಮೇಲೊಂದು ಏಟು.

ಹಳೆಯದೆಲ್ಲ ಸರಿಯಿತ್ತು ಅನ್ನಲಾರೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಚೈತ್ರದ ಸೆಕೆಯಲ್ಲೂ ಕೂಸಿಗೆ ಕುಲಾವಿ ಬಿಗಿದು, ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು. ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಇನ್ನೂ ಹೆಚ್ಚುತ್ತದೆಂದು ಬಾಯಿ ಒಣಗಿಸುತ್ತಿದ್ದರು. ಮಗು ಹೋದರೆ ದೃಷ್ಟಿ ತಾಗಿತು ಅಂದರು. ಈಗ ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ ಕೊಡುತ್ತಾಳೆ. ಅದಿಲ್ಲದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 6 ತಿಂಗಳು ತುಂಬದ ಕೂಸಿಗೆ ಸೆಕೆಗೆ ನೀರು ಬೇಡ, ಎದೆಹಾಲನ್ನೇ ಮತ್ತೆ ಮತ್ತೆ ಕುಡಿಸಿದರೆ ಸಾಕು. ಇಷ್ಟು ತಿಳಿದಿದ್ದರೆ ನಮ್ಮ ಬೀದಿಯಲ್ಲಿ ಇನ್ನೂ ಕೆಲವರು ನನ್ನ ವಾರಿಗೆಯವರಿರುತ್ತಿದ್ದರು.

ಉಂಡಾದ ಮೇಲೆ ಅಜ್ಜಿ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗುತ್ತಿದ್ದಳು. ದಾಟಿದರೆ ಕಣ್ಣು ಮುಚ್ಚಿಕೊಂಡೇ, “ನೆತ್ತಿ ಸುಡ್ತದೆ, ಒಳಕ್ಕೆ ಬಾರ್ಲಾ ಬಡ್ಡೈದ್ನೆ!” ಈಗ ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ ಎಂದು ಸರ್ಕಾರವೇ ಹೇಳುತ್ತದೆ, ಬೈಗುಳವಿಲ್ಲದೆ. ನಾಡಹೆಂಚಿನ ಮನೆ ಕೆಡವಿ ತಾರಸಿ ಹಾಕಿಸಿದ್ದೇವೆ. ಮಳೆಗೆ ಸೋರುವುದಿಲ್ಲ, ಬಿಸಿಲಿಗೆ ಕಾಯುತ್ತದೆ, ಫ್ಯಾನು ಆ ಬಿಸಿಯನ್ನೇ ತಿರುಗಿಸಿ ಕೊಡುತ್ತದೆ. ಮೊಮ್ಮಗನಿಗೆ 150 ರೂಪಾಯಿಯ ಟೋಪಿ ತಂದುಕೊಟ್ಟೆ. ಮೊನ್ನೆ ಅದರ ತುಂಬ ಕದ್ದ ಮಾವಿನಕಾಯಿ ಹೊತ್ತು, ಬರಿತಲೆಯಲ್ಲಿ, ನಡುಮಧ್ಯಾಹ್ನ ಬಂದ. ಉಪ್ಪು ಖಾರ ನಾನೇ ತಂದೆ.